ಮರ ಬಿಟ್ಟು ಬಂದವನು

ನಾಳೆ ಯಾರಾದರೂ ಉಣ್ಣೆ ಬಟ್ಟೆ ತರುತ್ತೀರಾ ಎಂದು ವಸುಧಾ ಮೇಡಂ ಕೇಳಿದಾಗ ಇಡೀ ಕ್ಲಾಸಿನಲ್ಲಿ ಕೈ ಎತ್ತಿದವಳು ಅಖಿಲಾ ಒಬ್ಬಳೇ. ಕುರುಬರ ಮನೆಯಲ್ಲಿ ಉಣ್ಣೆಗೇನು ಬರ? ಮರುದಿನ ಅವಳು ಮುತ್ಯಾನ, ಅಂದರೆ ಅಜ್ಜನ, ಕರಿ ಕಂಬಳಿಯನ್ನೇ ಮಡಚಿಕೊಂಡು ತೆಲಂಗಾಣ ಗಡಿಯ ಮಕ್ತಲದ ಕಾಲೇಜಿಗೆ ಬಂದಳು. ಕುರಿ, ಹೊಗೆ, ಭಂಡಾರದ ಅರಿಶಿನ ಎಲ್ಲ ಸೇರಿದ ಅದರ ವಾಸನೆಗೆ ಮುಂದಿನ ಬೆಂಚಿನ ಹುಡುಗಿಯರು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡರು. ಮೇಡಂ ಮಾತ್ರ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಪ್ಲಾಸ್ಟಿಕ್ ಸ್ಕೇಲೊಂದನ್ನು ಅದಕ್ಕೆ ಗಸಗಸ ತಿಕ್ಕಿ, ಮೇಜಿನ ಮೇಲಿದ್ದ ಕಾಗದದ ಚೂರುಗಳ ಹತ್ತಿರ ಹಿಡಿದರು. ಚೂರುಗಳು ಟಣ್ಣನೆ ಜಿಗಿದು ಸ್ಕೇಲಿಗೆ ಅಂಟಿಕೊಂಡವು. ಆಮೇಲೆ ಎರಡು ಬಲೂನುಗಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಎರಡನ್ನೂ ಕಂಬಳಿಗೆ ಉಜ್ಜಿದರು. ಅವು ಜಗಳವಾಡಿದ ಓರಗಿತ್ತಿಯರ ಹಾಗೆ ಒಂದಕ್ಕೊಂದು ಮುಖ ತಿರುಗಿಸಿ ದೂರ ಸರಿದು ನಿಂತವು.

"ಸಜಾತಿ ಆವೇಶಗಳು ದೂರ ತಳ್ಳತಾವ, ವಿಜಾತಿ ಆವೇಶಗಳು ಹತ್ರ ಎಳೀತಾವ," ಎಂದು ಮೇಡಂ ಮೊದಲು ತೆಲುಗಿನಲ್ಲಿ, ಆಮೇಲೆ ಕೃಷ್ಣಾ ನದಿ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳಿಗಾಗಿ ಕನ್ನಡದಲ್ಲಿ ಹೇಳಿದರು.

"ಮಾ ಊರ್ಲೋ ಉಲ್ಟಾ ಮೇಡಂ," ಎಂದ ಹಿಂದಿನ ಬೆಂಚಿನ ಸಾಯಿನಾಥ, ನಮ್ಮೂರಲ್ಲಿ ಜಾತಿಯ ಲೆಕ್ಕ ಇದರ ತಿರುಗಾಮುರುಗಾ ಎಂದು. ಕ್ಲಾಸು ಗೊಳ್ಳೆಂದು ನಕ್ಕಿತು. ಮೇಡಂ ಕೂಡ ನಕ್ಕರು.

ಅಖಿಲಾಳಿಗೆ ಆ ಪಾಠ ಹಿಡಿಸಿಬಿಟ್ಟಿತು. ಅವರ ಮನೆಯಲ್ಲಿ ಆವೇಶ ಅಂದರೆ ಮುತ್ಯಾನ ಮೈಮೇಲೆ ಮೈಲಾರಲಿಂಗ ಬರುವುದು. ಇಲ್ಲಿ ನೋಡಿದರೆ ಅದು ಸ್ಕೇಲಿನ ಮೇಲೂ ಬರುತ್ತದೆ, ಬಲೂನಿನ ಮೇಲೂ ಬರುತ್ತದೆ, ಮೋಡದ ಹೊಟ್ಟೆಯಲ್ಲೂ ಕೂರುತ್ತದೆ. ಮೇಡಂ ಬೋರ್ಡಿನ ಮೇಲೆ ಒಂದು ಮೋಡ ಬರೆದು ಅದರ ತಳಕ್ಕೆ ಸಾಲಾಗಿ ಋಣ ಚಿಹ್ನೆ ಹಾಕಿದರು. ಕೆಳಗೆ ನೆಲದ ಮೇಲೆ ಧನ ಚಿಹ್ನೆ. ಎರಡರ ನಡುವಿನ ದೂರ ಅರ್ಧವಾದರೆ ಎಳೆತ ನಾಲ್ಕು ಪಟ್ಟು. ಎತ್ತರವಾಗಿ ನಿಂತದ್ದು ಮೋಡಕ್ಕೆ ಹತ್ತಿರ. ಅದಕ್ಕೇ ಮರದ ಕೆಳಗೆ ನಿಲ್ಲಬಾರದು. ಮನೆ ಸಿಕ್ಕರೆ ಮನೆಯೊಳಗೆ ಹೋಗಬೇಕು. ಬಯಲಿನಲ್ಲಿ ಸಿಕ್ಕಿಬಿದ್ದರೆ ಮರ ಬಿಟ್ಟು ದೂರ ಹೋಗಿ, ಒಬ್ಬರಿಗೊಬ್ಬರು ತಾಗದೆ, ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂತು, ಕಿವಿ ಮುಚ್ಚಿಕೊಳ್ಳಬೇಕು. ಗದ್ವಾಲದ ಅರ್ಚಕರ ಮನೆಯ ಮಗಳಾದ ಮೇಡಂ ದಿನಾ ಜೂರಾಲ ಅಣೆಕಟ್ಟು ದಾಟಿ ಬಸ್ಸಿನಲ್ಲಿ ಬರುವವರು. ಬಯಲಿನಲ್ಲಿ ಗುಡುಗಿಗೆ ಸಿಕ್ಕವರಲ್ಲ. ಆದರೂ ಹೇಳಬೇಕಾದದ್ದನ್ನು ಹೇಳಿದರು.

ಅಂದು ಸಂಜೆ ತನ್ನೂರು ಮಾಳದೊಡ್ಡಿಗೆ ಹೋಗುವಾಗ ಅಖಿಲಾ ಬೈಕಿನ ಹಿಂದೆ ಕೂತು ಎಲ್ಲವನ್ನೂ ಕಾಕಾನಿಗೆ ಒಪ್ಪಿಸಿದಳು. ಕಾಕಾ ಭೀಮಶಂಕರ್ ಅವಳಪ್ಪನ ತಮ್ಮ. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಮುಗ್ಗರಿಸಿ ಕುರಿ ಹಿಂದೆ ಹೋದವನು. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಅಣ್ಣನ ಮಗಳನ್ನು ಬಸ್ ರೋಡಿನಿಂದ ಮನೆಗೆ ತರುವುದು ಅವನೇ ಹಚ್ಚಿಕೊಂಡ ಕೆಲಸ. ದಾರಿಯುದ್ದಕ್ಕೂ ಪಾಠ ಕೇಳುವುದು ಅವನ ಚಟ.

"ದೂರ ಹೆಚ್ಚಾದ್ರ ಎಳೆತ ಕಮ್ಮಿ ಆಗತೈತಿ ಅಂದಿ?"

"ಹೌದು ಕಾಕಾ. ದೂರ ಎರಡು ಪಟ್ಟು ಆದ್ರ ಎಳೆತ ಕಾಲು ಭಾಗ."

"ಸುಳ್ಳು ಅದು. ನಿಮ್ಮ ಚಿಗವ್ವ ಕೆ.ಟಿ. ದೊಡ್ಡಿಗೆ ತವರಿಗೆ ಹೋದ್ರ ನನಗ ಇಲ್ಲಿ ಅನ್ನ ಇಳಿಯಂಗಿಲ್ಲ. ನಿಮ್ಮ ಮೇಡಂಗ ಹೇಳು, ಪುಸ್ತಕ ತಿದ್ದಲಿ ಅಂತ."

ಅಖಿಲಾ ಅವನ ಬೆನ್ನಿಗೆ ಗುದ್ದಿದಳು. ಅವನು ನಗುತ್ತಲೇ ಬೈಕನ್ನು ಕೆಸರಿನ ಪಕ್ಕಕ್ಕೆ ತಿರುಗಿಸಿದ.

ಅದಾದ ಕೆಲವು ವಾರಕ್ಕೆ ದಸರಾ ರಜೆ ಬಂತು. ಹಸ್ತ ಮಳೆ ಹಿಂದೆ ಸರಿದು ಚಿತ್ತಿ ಮಳೆ ಶುರುವಾಗಿತ್ತು. ಬೆಳಗಿನಿಂದ ಚರ್ಮ ಸುಲಿಯುವ ಬಿಸಿಲು, ಮಧ್ಯಾಹ್ನ ತಿರುಗಿದರೆ ನದಿಯ ಕಡೆಯಿಂದ ಕರಿಮೋಡ. ಅವಳಪ್ಪ ಬೀರಲಿಂಗಪ್ಪನು, ಶಿವಶಂಕರಪ್ಪ ಸಾವಕಾರನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ. ಪಕ್ಕದಲ್ಲಿದ್ದ ಸಾವಕಾರನದೇ ಇನ್ನೊಂದು ಹೊಲದಲ್ಲಿ ಹೆಣ್ಣಾಳುಗಳು ಹತ್ತಿ ಬಿಡಿಸುತ್ತಿದ್ದರು. ಅಖಿಲಾ ರೊಟ್ಟಿ ಬುತ್ತಿ ಹೊತ್ತು ಹೋದಾಗ ಆಕಾಶ ಇನ್ನೂ ಬೆಳ್ಳಗೇ ಇತ್ತು. ಅಪ್ಪ, ಕಾಕಾ ಉಂಡು ಕೈ ತೊಳೆಯುವಷ್ಟರಲ್ಲಿ ಕೃಷ್ಣೆಯ ಕಡೆಯಿಂದ ಕತ್ತಲೆ ಎದ್ದು ಬಂತು. ಗಾಳಿ ಮಣ್ಣನ್ನು ಕಣ್ಣಿಗೆ ತೂರಿತು. ದಪ್ಪ ಹನಿ ಬಿದ್ದದ್ದೇ ಹೆಂಗಸರು ಹತ್ತಿ ಗಂಟುಗಳನ್ನು ಎದೆಗೆ ಅಪ್ಪಿಕೊಂಡು ಬದುವಿನ ಬೇವಿನ ಮರದ ಕೆಳಗೆ ಓಡಿ ಬಂದರು. ಅವರ ಮೇಸ್ತ್ರಿ ನರಸಿಂಹುಲು ಅರ್ಧ ಗಂಟುಗಳಿಗಷ್ಟೇ ಸಾಲುವ ತಾಡಪಾಲು ಹೊದಿಸಿದ. ಅಪ್ಪನೂ ಕಾಕಾನೂ ಅಲ್ಲೇ ನಿಂತರು.

ಮೊದಲ ಸಿಡಿಲು ದೂರದಲ್ಲೆಲ್ಲೋ ಬಿತ್ತು. ಎರಡನೆಯದಕ್ಕೆ ಮಿಂಚೂ ಸದ್ದೂ ಜೊತೆಜೊತೆಯಾಗಿಯೇ ಬಂದವು. ಅಖಿಲಾ ಮರದ ಕೆಳಗಿನಿಂದ ಹೊರಗೆ ಓಡಿದಳು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಒಂದು ಸೂರೂ ಇರಲಿಲ್ಲ. ಆ ಇಡೀ ಬಯಲಿಗೆ ಎತ್ತರವಾಗಿದ್ದದ್ದು ಆ ಬೇವಿನ ಮರ ಒಂದೇ.

"ಅಪ್ಪಾ, ಮರ ಬಿಡು! ಎಲ್ಲಾರೂ ಹೊರಗ ಬರ್ರಿ. ಸಿಡಿಲು ಮರಕ್ಕೇ ಬೀಳತೈತಿ!"

"ಹೊರಗ ಬಂದು ಹತ್ತಿ ತೋಯಿಸಬೇಕೇನ? ಸಾವಕಾರ ನಿಮ್ಮಪ್ಪನ್ನ ಕೇಳತಾನೋ ನಮ್ಮನ್ನ ಕೇಳತಾನೋ?" ಎಂದು ಒಬ್ಬ ಹೆಂಗಸು ಗದರಿದಳು.

"ನಮ್ಮ ಅಪ್ಪನ ಕಾಲದಿಂದ ಇದೇ ಮರದ ಕೆಳಗ ನಿಂತೀವಿ," ಎಂದ ಬೀರಲಿಂಗಪ್ಪ. "ಸುಮ್ಮಕ ಒಳಗ ಬಾ ಮಗಾ, ತೊಯ್ತಿ."

ಅಖಿಲಾ ಅಳುವ ದನಿಯಲ್ಲಿ ಮತ್ತೆ ಕೂಗಿದಳು. ಆಗ ಭೀಮಶಂಕರ್ ತಲೆಗೆ ಗೋಣಿಚೀಲ ಏರಿಸಿಕೊಂಡು ಹೊರಗೆ ಬಂದ. "ನಮ್ಮ ಮಗಳು ಹೇಳಿದ ಮ್ಯಾಲ ಮುಗೀತು. ನೀವು ಹತ್ತಿ ಕಾಯ್ರಿ, ನಾ ಜೀವ ಕಾಯತೀನಿ," ಎಂದು ಹೆಂಗಸರ ಕಡೆ ಕಣ್ಣು ಮಿಟುಕಿಸಿದ. ಅವರು ಆ ಮಳೆಯಲ್ಲೂ ನಕ್ಕರು.

ಇಬ್ಬರೂ ತಗ್ಗಿದ್ದ ಕಡೆಗೆ ಓಡಿದರು. ಅವಳು ಕೂತು ತೋರಿಸಿದಳು. ಅವನು ಅವಳ ಪಕ್ಕದಲ್ಲೇ ಕುಕ್ಕರಿಸಿದ.

"ಇಬ್ರೂ ಒಂದೇ ಕಡಿ ಕೂಡಬಾರದು ಕಾಕಾ. ದೂರ ಹೋಗು."

ಅವನು ಕೂತಲ್ಲೇ ಕಪ್ಪೆಯ ಹಾಗೆ ಕುಪ್ಪಳಿಸಿ ಸರಿದ. "ಇಲ್ಲಿ ಸಾಕೇನು?"

"ಇನ್ನೂ ಸ್ವಲ್ಪ. ಅಲ್ಲಿ, ಆ ಕಲ್ಲಿನ ಹತ್ರ."

ಅವನು ಕಲ್ಲಿನ ಹತ್ತಿರ ಹೋಗಿ ಕೂತ. ಅವನ ಆಚೆ ಕುರಿಗಳು ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅಖಿಲಾ ಕಣ್ಣು ಮುಚ್ಚಿ ಕಿವಿಗೆ ಬೆರಳಿಟ್ಟುಕೊಂಡಳು.

ಮುಚ್ಚಿದ ರೆಪ್ಪೆಯೊಳಗೆ ಎಲ್ಲವೂ ಬಿಳಿಯಾಯಿತು. ಸದ್ದು ಕೇಳಿದ ನೆನಪು ಅವಳಿಗಿಲ್ಲ. ನೆಲವೇ ಅಂಗಾಲಿಗೆ ಒದ್ದ ಹಾಗಾಯಿತು. ಎಚ್ಚರಾದಾಗ ಬಾಯಲ್ಲಿ ಮಣ್ಣಿತ್ತು, ಒಂದು ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಯಾರೋ ಅವಳನ್ನು ಎತ್ತಿ ಕೂರಿಸಿದರು. ಕುರಿಗಳು ಕಾಲು ಸೆಟೆದು ಸಾಲಾಗಿ ಮಲಗಿದ್ದವು. ಅವುಗಳ ಈಚೆ, ಕಲ್ಲಿನ ಹತ್ತಿರ, ಅಪ್ಪ ಮೊಣಕಾಲೂರಿ ಕೂತು ಯಾರ ಮೇಲೋ ಕಂಬಳಿ ಎಳೆಯುತ್ತಿದ್ದ. ಕಂಬಳಿಯ ಕೆಳಗಿನಿಂದ ಹೊರಬಂದಿದ್ದ ಕೈಯಲ್ಲಿ ಕಾಕಾನ ಮದುವೆಯ ಉಂಗುರವಿತ್ತು.

ಬೇವಿನ ಮರದ ಒಂದು ಎಲೆಯೂ ಸುಟ್ಟಿರಲಿಲ್ಲ.

ಮಕ್ತಲದ ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರು ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. ಪೋಸ್ಟ್‌ಮಾರ್ಟಂಗೆ ಹೆಣವನ್ನು ನಾರಾಯಣಪೇಟೆಗೆ ಒಯ್ಯುವ ಮುಂಚೆ ಪೊಲೀಸಿನವನು ಏನಾಯಿತು ಎಂದು ಕೇಳಿದ. ಬೀರಲಿಂಗಪ್ಪ ಗೋಡೆಗೆ ಒರಗಿಕೊಂಡೇ ಹೇಳಿದ: "ಕೂತಿದ್ದ ಸರ್. ಕುರಿಮರಿ ಒಂದು ಓಡತಿತ್ತು, ಹಿಡಿಯಾಕಂತ ಎದ್ದು ನಿಂತ. ಆಗ ಬಿತ್ತು."

ಬೆಂಚಿನ ಮೇಲೆ ಕೂತಿದ್ದ ಅಖಿಲಾ ಒಳ್ಳೆಯ ಕಿವಿಯಿಂದ ಅದನ್ನು ಕೇಳಿಸಿಕೊಂಡಳು. ಎದ್ದು ನಿಂತಿದ್ದ. ಹಾಗಾದರೆ ಅದು ಪಾಠದ ತಪ್ಪಲ್ಲ, ತನ್ನ ತಪ್ಪೂ ಅಲ್ಲ. ಎದ್ದು ನಿಂತದ್ದರಿಂದ ಆಯಿತು. ಮುಳುಗುವವಳು ಹಗ್ಗ ಹಿಡಿದ ಹಾಗೆ ಅವಳು ಆ ಮಾತನ್ನು ಹಿಡಿದುಕೊಂಡಳು. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಚಿಗವ್ವ ತುಳಸಮ್ಮ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ಒಂದೇ ಸಮನೆ ಬಾಗಿಲನ್ನು ನೋಡುತ್ತಿದ್ದಳು.

ಊರು ಆ ಮಾತನ್ನು ಹಿಡಿಯಲಿಲ್ಲ. ಮರದ ಕೆಳಗೆ ನಿಂತವರೆಲ್ಲ ಮನೆಗೆ ಬಂದರು, ಮರ ಬಿಟ್ಟು ಹೋದವನು ಮಣ್ಣಿಗೆ ಹೋದ. ಇದಕ್ಕಿಂತ ಸರಳ ಲೆಕ್ಕ ಯಾವುದಿದೆ? ನೀರಿನ ಟ್ಯಾಂಕಿನ ಹತ್ತಿರ ಅಖಿಲಾ ಬಂದರೆ ಮಾತು ನಿಲ್ಲುತ್ತಿತ್ತು. ಹತ್ತಿ ಬಿಡಿಸುವ ಹೆಂಗಸರು ಮುಂದಿನ ಶುಕ್ರವಾರ ಹೋಗಿ ಆ ಬೇವಿನ ಮರಕ್ಕೆ ಅರಿಶಿನ ಬಳಿದು, ಹಸಿರು ಕುಪ್ಪಸ ಕಟ್ಟಿ, ಕಾಯಿ ಒಡೆದರು. ಅದನ್ನು ಅಪ್ಪ ಬಂದು ಅಖಿಲಾಳಿಗೆ ಹೇಳಿದ. ಇನ್ನು ಮುಂದೆ ಸಿಡಿಲು ಬಂದಾಗಲೆಲ್ಲ ಅವರು ಹುಡುಕಿಕೊಂಡು ಅಲ್ಲಿಗೇ ಓಡುತ್ತಾರೆ. ಬೇಡ ಎನ್ನುವ ಬಾಯಿ ಅವಳಿಗೆ ಉಳಿದಿರಲಿಲ್ಲ.

ಅವ್ವ ಶೇಖಮ್ಮ ಬೈಯಲಿಲ್ಲ. ಆದರೆ ಒಂದು ದಿನ ರೊಟ್ಟಿ ಬಡಿಯುತ್ತಾ, ತನಗೇ ಹೇಳಿಕೊಂಡ ಹಾಗೆ, "ಒಳಗ ಬಾ ಅಂತ ನಿಮ್ಮಪ್ಪ ಕರದಿದ್ದ," ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹನ್ನೊಂದನೆಯ ದಿನ ತುಳಸಮ್ಮನ ತವರಿನವರು ಬಂದರು. ಅವಳಪ್ಪ ಅಂಗಳದಲ್ಲಿ ನಿಂತು ಎಲ್ಲರ ಮುಂದೆ ಕೇಳಿದ: "ಮೊಗುಲಪ್ಪಾ, ನೀ ಮೈಲಾರನ ಗೊರವ. ದೇವ್ರನ್ನ ಕರಿ. ನಮ್ಮ ಅಳಿಯ ಯಾರ ತಪ್ಪಿಗೆ ಹೋದ ಅಂತ ದೇವ್ರ ಬಾಯಿಂದ ಬರಲಿ."

ಮೊಗುಲಪ್ಪ ಅಖಿಲಾಳ ಮುತ್ಯಾ, ಸತ್ತವನ ಅಪ್ಪ. ಅವನು ಇಲ್ಲ ಎನ್ನಲಿಲ್ಲ. ಹಣೆಗೆ ಭಂಡಾರ ಬಳಿದುಕೊಂಡು, ಕಂಬಳಿ ಹಾಸಿ ಕೂತ. ಡೊಳ್ಳು ಶುರುವಾಯಿತು. ಮನೆಯವರು, ಊರವರು, ತವರಿನವರು ಸುತ್ತ ನಿಂತರು. ಅಖಿಲಾ ಒಳಗಿನ ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದಳು. ಪ್ರತಿ ಸಲ ಡೊಳ್ಳು ಬಿಸಿಯೇರಿದ ಹಾಗೆ ಮುತ್ಯಾನ ಭುಜ ಮೊದಲು ಅದುರುತ್ತಿತ್ತು, ಆಮೇಲೆ ಗದ್ದ, ಆಮೇಲೆ ಇಡೀ ಮೈ. ಈಗ ಅವಳು ಆ ಭುಜವನ್ನೇ ನೋಡುತ್ತಿದ್ದಳು. ಅವನು ಅವಳ ಹೆಸರು ಹೇಳಿದರೆ ಆಮೇಲೆ ಈ ಮನೆಯಲ್ಲಿ, ಈ ಊರಲ್ಲಿ ಅವಳು ಇರುವುದು ಹೇಗೆ?

ಡೊಳ್ಳು ಬಾರಿಸುವವರ ಬೆವರು ಇಳಿಯಿತು. "ಏಳುಕೋಟಿ, ಏಳುಕೋಟಿ" ಎನ್ನುವ ಮೈಲಾರನ ಜೈಕಾರ ಎದ್ದು ತಣ್ಣಗಾಯಿತು. ಮುದುಕ ಕಣ್ಣು ಮುಚ್ಚಿ ಕಲ್ಲಿನ ಹಾಗೆ ಕೂತೇ ಇದ್ದ. ಕೊನೆಗೆ ಕಣ್ಣು ತೆರೆದು, ಕೈ ಎತ್ತಿ ಡೊಳ್ಳು ನಿಲ್ಲಿಸಿದ.

"ದೇವ್ರು ಬರವಲ್ಲ," ಎಂದ. "ನಾ ಕರದೆ, ಬರವಲ್ಲ. ಮಗನ್ನ ಹುಗದು ಬಂದ ಮೈಯಾಗ ದೇವ್ರು ಎಲ್ಲಿ ಕೂಡಬೇಕು?"

ಕಂಬಳಿ ಝಾಡಿಸಿಕೊಂಡು ಒಳಗೆ ಹೋಗಿಬಿಟ್ಟ. ಜನ ಚೆದುರಿದರು. ತಪ್ಪು ಯಾರದೆಂದು ತೀರ್ಮಾನವಾಗಲಿಲ್ಲ. ಆದ್ದರಿಂದ ಅದು ಅಖಿಲಾಳ ಮೇಲೆ ಇದ್ದಲ್ಲೇ ಇತ್ತು.

ರಜೆ ಮುಗಿದು ಕಾಲೇಜು ಶುರುವಾದರೂ ಅವಳು ಹೋಗಲಿಲ್ಲ. ಒಂದು ಭಾನುವಾರ ವಸುಧಾ ಮೇಡಂ ವಿಳಾಸ ಕೇಳುತ್ತಾ ಮಾಳದೊಡ್ಡಿಗೆ ಬಂದರು. ಶೇಖಮ್ಮ ಗಡಬಡಿಸಿ ಕಟ್ಟೆ ಒರೆಸಿ ಚಾಪೆ ಹಾಸಿದಳು. ಮೇಡಂ ನೀರು ಕುಡಿದು, ಅಖಿಲಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬೀರಲಿಂಗಪ್ಪ ಸ್ವಲ್ಪ ದೂರದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಸತ್ತ ಕುರಿಗಳ ಪರಿಹಾರದ ವಿಷಯ ಮಾತಾಡಲು ಬಂದಿದ್ದ ಮೇಸ್ತ್ರಿ ನರಸಿಂಹುಲು ಬಾಗಿಲಲ್ಲಿ ನಿಂತಿದ್ದ.

"ಮೇಡಂ, ನಾ ಹೇಳಿದ್ದು ತಪ್ಪೇನ್ರಿ?" ಎಂದಳು ಅಖಿಲಾ.

"ತಪ್ಪಲ್ಲವ್ವ. ಬಯಲಾಗ ಒಂಟಿ ಮರದ ಕೆಳಗ ನಿಲ್ಲೋದು ಎಲ್ಲಾಕಿಂತ ಕೆಟ್ಟದ್ದು. ಇವತ್ತೂ ಅದೇ ಹೇಳ್ತೀನಿ, ನಾಳೆನೂ ಅದೇ ಹೇಳ್ತೀನಿ."

"ಕಾಕಾ ಎದ್ದು ನಿಂತಿದ್ದ ರೀ. ಕುರಿಮರಿ ಹಿಡಿಯಾಕ. ಎದ್ದಿದ್ದಿಲ್ಲ ಅಂದ್ರ..."

"ಹೌದಾ? ಎದ್ದು ನಿಂತಿದ್ರಾ?" ಮೇಡಂ ಉಸಿರು ಬಿಟ್ಟರು. ಅವರ ಮುಖ ಸಡಿಲವಾದದ್ದು ಅಖಿಲಾಳಿಗೆ ಕಾಣಿಸಿತು. ಇವರೂ ಇಷ್ಟು ದಿನ ನಿದ್ದೆ ಮಾಡಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. "ಹಂಗಾದ್ರ ಅದೇ ಕಾರಣ ಅದ. ನಿಂತಾವ್ರಿಗೆ..."

"ಎಕ್ಕಡ ಲೇಚಿನಾಡು?" ಎಂದ ನರಸಿಂಹುಲು. ಅವನು ತನಗರಿವಿಲ್ಲದೆ ತೆಲುಗಿಗೆ ಜಾರಿದ್ದ. ಎಲ್ಲರೂ ತಿರುಗಿ ನೋಡಿದಾಗ ಕನ್ನಡಕ್ಕೆ ಬಂದ. "ಎಲ್ಲಿ ಎದ್ದಾನ? ನಾ ನೋಡಿಕೋತನೇ ಇದ್ದೆನಲ್ಲ. ಕುಂತಂವ ಕುಂತಂಗೇ ಇದ್ದ. ಪಾಪ, ಈ ಹುಡಿಗಿ ಹೆಂಗ ತೋರಿಸಿದ್ಲೋ ಹಂಗೇ, ಕಿವಿ ಮುಚ್ಕೊಂಡು."

ಬೀರಲಿಂಗಪ್ಪನ ಕೈಯಲ್ಲಿ ಹಗ್ಗ ನಿಂತಿತು.

"ನರಸಿಂಹುಲು, ನೀ ನಡಿ," ಎಂದ. ಮೇಸ್ತ್ರಿ ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಪೆಚ್ಚಾಗಿ ಹೋದ.

ಅಖಿಲಾ ಮೇಡಂ ಮುಖ ನೋಡಿದಳು. ಏನಾದರೂ ಹೇಳುತ್ತಾರೆ, ಬೋರ್ಡಿನ ಮೇಲೆ ಬರೆದ ಹಾಗೆ ಬಿಡಿಸಿ ಹೇಳುತ್ತಾರೆ ಎಂದು ಕಾದಳು.

"ಕೂತಾವ್ರಿಗೂ ಬೀಳ್ತದ," ಎಂದರು ಮೇಡಂ ಕೊನೆಗೆ. ದನಿ ಒಣಗಿತ್ತು. "ಹಸಿ ನೆಲದಾಗ ಹರದೂ ಬರ್ತದ. ಕುರಿಗಳಿಗೂ ಹಂಗೇ ಆಗಿರಬೇಕು. ಕೂತ್ರ ಅಪಾಯ ಕಮ್ಮಿ, ಇಲ್ಲಂತಲ್ಲ. ಅದನ್ನ ನಾನು ಒತ್ತಿ ಹೇಳಲಿಲ್ಲ. ಎಳೆತ ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಅಂತ ಲೆಕ್ಕ ಹಾಕಬಹುದು ಅಖಿಲಾ. ಅವತ್ತು ಆ ಮರ ಬಿಟ್ಟು ಅಲ್ಲೇ ಯಾಕ ಬಿತ್ತು ಅಂದ್ರ, ನಂಗ ಗೊತ್ತಿಲ್ಲ. ಯಾರಿಗೂ ಗೊತ್ತಾಗಂಗಿಲ್ಲ."

ಹೋಗುವಾಗ ಮೇಡಂ ಕಾಲೇಜಿಗೆ ಬಾ ಎಂದರು. ಅಖಿಲಾ ಅವರು ಕುಡಿದಿಟ್ಟ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮೇಡಂ ಹೋದ ಮೇಲೆ ಅವಳು ಅಪ್ಪನ ಮುಂದೆ ನಿಂತಳು. "ಯಾಕ ಸುಳ್ಳ ಹೇಳಿದಿ ಅಪ್ಪಾ?"

ಬೀರಲಿಂಗಪ್ಪ ತಲೆ ಎತ್ತಲಿಲ್ಲ. "ಒಬ್ಬಂವ ಹೋಗಿದ್ದ. ನೀನೂ ಹೋಗತಿ ಅಂತ ಅಂಜಿಕಿ ಬಂತು."

"ನಾ ಎಲ್ಲಿ ಹೋಗತಿದ್ದೆ?"

"ನಮ್ಮ ಹೊಲದಾಗ ಬಾವಿ ಐತಿ ಮಗಾ," ಎಂದ ಅಪ್ಪ. ಆಗ ಮೊದಲ ಸಲ ಅವನು ಅತ್ತ. ತಮ್ಮನನ್ನು ಹುಗಿಯುವಾಗಲೂ ಅಳದವನು ಹೊಸೆದ ಹಗ್ಗವನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಅಖಿಲಾ ಪಕ್ಕದಲ್ಲಿ ಕೂತಳು. ಅವನ ಬೆನ್ನ ಮೇಲೆ ಕೈ ಇಡಬೇಕೆನಿಸಿತು, ಇಡಲಾಗಲಿಲ್ಲ.

ಆ ವಾರವೇ ತುಳಸಮ್ಮನನ್ನು ಕೆ.ಟಿ. ದೊಡ್ಡಿಗೆ ಕರೆದೊಯ್ಯಲು ಅವಳ ಅಣ್ಣ ಆಟೋ ತಂದ. ಅವಳ ಟ್ರಂಕು, ಹಾಸಿಗೆ ಸುರುಳಿ ಹಿಂದೆ ಹೇರಿದರು. ಶೇಖಮ್ಮ ಉಡಿಗೆ ಅಕ್ಕಿ ಹಾಕಲು ಹೋಗಿ, ಇನ್ನು ಹಾಕುವ ಹಾಗಿಲ್ಲವೆಂದು ನೆನಪಾಗಿ, ಮೊರ ಹಿಡಿದುಕೊಂಡೇ ಒಳಗೆ ಓಡಿದಳು. ತುಳಸಮ್ಮ ದನದ ಕೊಟ್ಟಿಗೆಯ ಹತ್ತಿರ ಒಬ್ಬಳೇ ನಿಂತಿದ್ದಾಗ ಅಖಿಲಾ ಅಲ್ಲಿಗೆ ಹೋದಳು. ಸಿಡಿಲು ಬಿದ್ದ ದಿನದಿಂದ ಇಬ್ಬರೂ ಮಾತಾಡಿರಲಿಲ್ಲ.

"ಚಿಗವ್ವ, ಕಾಕಾ ಎದ್ದು ನಿಂತಿರಲಿಲ್ಲ. ಅಪ್ಪ ನನ್ನ ಸಲುವಾಗಿ ಸುಳ್ಳ ಹೇಳ್ಯಾನ. ನಾನೇ ಕರದೆ. ಪಕ್ಕದಾಗ ಕೂತಿದ್ದ, ದೂರ ಹೋಗು ಅಂತ ಆ ಜಾಗಾನೂ ನಾನೇ ತೋರಿಸಿದೆ." ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ತುಳಸಮ್ಮ ಅವಳನ್ನು ನೋಡಿದಳು. "ಗೊತ್ತೈತಿ," ಎಂದಳು.

"ಯಾರು ಹೇಳಿದ್ರು?"

"ಯಾರು ಹೇಳಬೇಕು? ಮಕ್ತಲ ದವಾಖಾನ್ಯಾಗ ಕಂಬಳಿ ತಗದು ನೋಡಿದಾಕಿ ನಾನು. ಮಣಕಾಲು ಮಡಚಿದ್ದು ಮಡಚಿದಂಗ ಇತ್ತು. ಒಂದು ಕೈ ಕಿವಿ ಕಡಿಗೇ ಇತ್ತು. ಎದ್ದು ನಿಂತಂವ ಹಂಗ ಬೀಳತಾನೇನು?"

"ಮತ್ತ ಅವತ್ತು, ಎಲ್ಲಾರೂ ಕೇಳುವಾಗ..."

"ಹೇಳಿದ್ರ ನಮ್ಮಪ್ಪ ನಿನ್ನ ಬಿಡತಿದ್ನೇನು? ಊರು ಬಿಡತಿತ್ತೇನು?" ತುಳಸಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ಸಿಟ್ಟಿಲ್ಲ ಅನ್ಕೋಬ್ಯಾಡ. ಐತಿ. ನಿನ್ನ ಮುಖ ನೋಡಿದ್ರ ಹೊಟ್ಟ್ಯಾಗ ಬೆಂಕಿ ಬೀಳತೈತಿ. ಅದಕ್ಕ ಹೊಂಟೀನಿ. ಈ ಮನ್ಯಾಗ ದಿನಾ ನಿನ್ನ ನೋಡಿಕೋತ ಇರಾಕ ನನಗ ಆಗಂಗಿಲ್ಲ."

ತುಳಸಮ್ಮ ಆಟೋ ಕಡೆ ಒಂದು ಹೆಜ್ಜೆ ಇಟ್ಟು ಮತ್ತೆ ತಿರುಗಿದಳು.

"ಆದ್ರ ನಮ್ಮನಿಯವ್ರು ನಿನ್ನ ಮ್ಯಾಲ ಜೀವ ಇಟ್ಟಿದ್ರು. ಸಂಜಿಮುಂದ ಬಂದ್ರ ನಿನ್ನ ಪಾಠ ನನಗ ಹೇಳತಿದ್ರು, ಅರ್ಧ ತಪ್ಪು ತಪ್ಪು." ಅಷ್ಟು ಹೇಳುವಾಗ ಅವಳ ತುಟಿ ಸೊಟ್ಟಗಾಯಿತು. "ಕಾಲೇಜಿಗೆ ಹೋಗು. ಮನ್ಯಾಗ ಕೂತು ಸತ್ತಂಗ ಮಾಡಬ್ಯಾಡ. ಸತ್ತಂವ ಒಬ್ಬ ಸಾಕು."

ಅಣ್ಣ ಹಾರ್ನ್ ಹೊಡೆದ. ತುಳಸಮ್ಮ ತಿರುಗಿ ನೋಡದೆ ಹೋಗಿ ಆಟೋ ಹತ್ತಿದಳು. ಅದು ಶಾಲೆಯ ಹತ್ತಿರ ತಿರುಗುವವರೆಗೂ ಅಖಿಲಾ ಅಲ್ಲೇ ನಿಂತಿದ್ದಳು.

ಸೋಮವಾರ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಟಳು. ಬಸ್ ರೋಡು ಮೂರು ಮೈಲಿ. ಹತ್ತಿ ಹೊಲದ ಹೆಂಗಸರು ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಬಾಗಿದರು. ಒಂದು ಕಿವಿಯಲ್ಲಿ ಆ ಸದ್ದು ಇನ್ನೂ ಸಣ್ಣಗೆ ಕೂಗುತ್ತಲೇ ಇತ್ತು. ಅದು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು, ಯಾವಾಗ ಎಂದು ಹೇಳಿರಲಿಲ್ಲ. ಕಾಕಾ ಬೈಕು ತಿರುಗಿಸುತ್ತಿದ್ದ ಕೆಸರಿನ ಹತ್ತಿರ ಅವಳು ದಾರಿಯ ಮಗ್ಗುಲಿಗೆ ಸರಿದು, ನಡೆಯುತ್ತಾ ಹೋದಳು.